ತಾನ್ಸಾ ತೀರದ ಬಿಸಿನೀರ ಕುಂಡಗಳು

ಠಾಣೆ ಜಿಲ್ಲೆಯ ಭಿವಂಡಿ ತಾಲ್ಲೂಕಿನಲ್ಲಿ, ತಾನ್ಸಾ ನದಿಯ ಆಸುಪಾಸಿನಲ್ಲಿ, ವಜ್ರೇಶ್ವರಿ, ಅಕಲೋಲಿ, ಗಣೇಶಪುರಿ ಎಂಬ ಮೂರು ಗ್ರಾಮಗಳು ಒಂದರಿಂದೊಂದಕ್ಕೆ ನಡೆದು ಹೋಗುವಷ್ಟು ಸಮೀಪದಲ್ಲಿವೆ. ನೆಲದೊಳಗಿಂದ ಉಷ್ಣೋದಕವು ಉಕ್ಕಿ ಬರುವ ಈ ಊರುಗಳನ್ನು 1950ರ ದಶಕದಿಂದ ನೋಡುತ್ತ ಬಂದ ನಾನು, ಮುಂಬಯಿಯ ಕನ್ನಡಿಗರ ಬದುಕಿನಲ್ಲಿ ಇವುಗಳಿಗಿದ್ದ ಸ್ಥಾನವನ್ನು ಬಲ್ಲವರು ದಿನೇ ದಿನೇ ವಿರಳರಾಗುತ್ತಿರುವುದರಿಂದ, ಕಂಡುದನ್ನು ಬರೆದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪನು, ಪೋರ್ಚುಗೀಸರಿಂದ ವಸಯಿಯ ಕೋಟೆಯನ್ನು ಗೆದ್ದರೆ ಗುಡಿ ಕಟ್ಟಿಸುವೆನೆಂದು ವಜ್ರೇಶ್ವರಿ ದೇವಿಗೆ ಹರಕೆ ಹೊತ್ತು, 1739ರಲ್ಲಿ ಜಯ ದೊರೆತ ಮೇಲೆ ಅದನ್ನು ಸಲ್ಲಿಸಿದನೆಂದು ಪ್ರತೀತಿ. ವಜ್ರೇಶ್ವರಿಯ ದೇವಾಲಯದ ಪ್ರಾಕಾರವು ಇಂದಿಗೂ ಕೋಟೆಯಂತೆಯೇ ಇದೆ. ದೇವಿಯಿಂದ ಹತರಾದ ರಾಕ್ಷಸರ ರಕ್ತವೇ ಈ ಬಿಸಿನೀರೆಂದು ಸ್ಥಳೀಯರು ನಂಬುತ್ತಾರೆ. ಮಳೆಯ ನೀರು ಕಪ್ಪುಕಲ್ಲಿನ ಬಿರುಕುಗಳಲ್ಲಿ ಬಹು ಆಳಕ್ಕಿಳಿದು, ಭೂಗರ್ಭದ ಶಾಖಕ್ಕೆ ಕಾದು, ಮತ್ತೆ ಮೇಲೇರುವುದೆಂದು ಭೂವಿಜ್ಞಾನಿಗಳ ವಿವರಣೆ.

ಕನ್ನಡಿಗರನ್ನು ಅಲ್ಲಿಗೆ ಸೆಳೆದವರು ನಿತ್ಯಾನಂದಸ್ವಾಮಿಗಳು. ಮಂಗಳೂರು, ಉಡುಪಿ, ಕಾಞಂಗಾಡುಗಳಲ್ಲಿ ಸಂಚರಿಸಿ, ತಮ್ಮ ನುಡಿಗಳನ್ನು ಮಂಗಳೂರಿನ ತುಳಸಮ್ಮನವರು ಕನ್ನಡದಲ್ಲಿ ‘ಚಿದಾಕಾಶ ಗೀತೆ’ಯಾಗಿ ಬರೆದಿಟ್ಟ ಬಳಿಕ ಉತ್ತರಕ್ಕೆ ಬಂದ ಆ ಅವಧೂತರು, 1936ರ ಸುಮಾರಿಗೆ ಗಣೇಶಪುರಿಯ ಭೀಮೇಶ್ವರ ಗುಡಿಯ ಬಳಿ ನೆಲೆಸಿ, ಪಾಳುಬಿದ್ದಿದ್ದ ಕುಂಡಗಳನ್ನು ದುರಸ್ತಿ ಮಾಡಿಸಿದರು. ಕಾಡಿನ ನಡುವಣ ಆ ಸೀಮೆಗೆ ಶಾಲೆಯೂ ಆಸ್ಪತ್ರೆಯೂ ಬಂದುದು ಅವರಿಂದಲೇ.

ನಾವು ವಸಯಿಯಲ್ಲಿ ರೈಲಿಳಿದು, ಬಸ್ಸು ಹಿಡಿದು, ಭತ್ತದ ಗದ್ದೆಗಳನ್ನೂ ವಾರಲಿ ಜನರ ಗುಡಿಸಲುಗಳನ್ನೂ ದಾಟಿ ಹೋಗುತ್ತಿದ್ದೆವು. ಲಂಗೋಟಿಯೊಂದನ್ನುಟ್ಟು ಮೌನವಾಗಿ ಒರಗಿರುತ್ತಿದ್ದ ಸ್ವಾಮಿಗಳ ದರ್ಶನಕ್ಕೆ ಮೊದಲು ಕುಂಡದ ಸ್ನಾನ. ಗಂಧಕದ ತೆಳುವಾದ ವಾಸನೆಯ ಆ ನೀರಿಗೆ ಏಕಾಏಕಿ ಇಳಿಯುವುದು ಅಶಕ್ಯವಾಗಿದ್ದುದರಿಂದ, ಮೆಟ್ಟಿಲ ಮೇಲೆ ಕುಳಿತು, ಮೊದಲು ಪಾದಕ್ಕೆ, ಅನಂತರ ಮೊಣಕಾಲಿಗೆ ಚೊಂಬಿನಿಂದ ಹೊಯ್ದುಕೊಂಡು, ಮೈ ಒಗ್ಗಿದ ಮೇಲೆ ಕುತ್ತಿಗೆಯವರೆಗೆ ಮುಳುಗಬೇಕಾಗಿದ್ದಿತು. ರುಬ್ಬುವ ಕಲ್ಲಿನ ಮುಂದೆ ಕುಳಿತೂ ಕುಳಿತೂ ಸೊಂಟ ಹಿಡಿದ, ಮುಂಬಯಿಯ ನಮ್ಮವರ ಹೋಟೆಲಿನ ಹುಡುಗನೂ, ಅವನಿಗೆ ಸಂಬಳ ಕೊಡುವ ಯಜಮಾನನೂ, ಕೀಲುನೋವಿನ ಮರಾಠಿ ಮುದುಕನೂ ಅಲ್ಲಿ ಒಂದೇ ನೀರಿನಲ್ಲಿ ಕುಳಿತಿರುತ್ತಿದ್ದರು. “ಇಳಿಯಿರಿ ಧಣಿ, ಆಮೇಲೆ ಸುಡುವುದಿಲ್ಲ” ಎಂದು ಆ ಹುಡುಗ ಯಜಮಾನನಿಗೆ ಧೈರ್ಯ ಹೇಳಿದುದನ್ನು ನಾನು ಕೇಳಿದ್ದೇನೆ. ಪೇಟೆಯಲ್ಲಿ ಅವನಿಗೆ ಅಷ್ಟು ಸಲಿಗೆ ಇರಲಿಲ್ಲ.

1961ರ ಆಗಸ್ಟ್ 8ರಂದು, ‘ಬೆಂಗಳೂರುವಾಲಾ’ ಎಂದು ಹೆಸರಾದ ಕಟ್ಟಡದಲ್ಲಿ ಸ್ವಾಮಿಗಳು ಸಮಾಧಿಸ್ಥರಾದರು. ಅನಂತರ ಮಂದಿರವೆದ್ದಿತು, ಅವರ ಶಿಷ್ಯರೂ ಮಂಗಳೂರಿನ ಕಡೆಯವರೂ ಆದ ಮುಕ್ತಾನಂದರ ಆಶ್ರಮಕ್ಕೆ 1970ರ ದಶಕದಲ್ಲಿ ವಿದೇಶೀಯರು ಬಂದರು, ವಸತಿಗೃಹಗಳು ಹೆಚ್ಚಿದವು. ತರುವಾಯ ಮೋಟಾರುಗಳಲ್ಲಿ ಬರುವವರಿಗಾಗಿ ರೆಸಾರ್ಟುಗಳು ತಲೆಯೆತ್ತಿ, ಕೆಲವೆಡೆ ಬಿಸಿನೀರು ಕೊಳವೆಯ ಮೂಲಕ ಬಾಗಿಲು ಹಾಕಿದ ಸ್ನಾನದ ಕೋಣೆಗಳನ್ನೇ ಸೇರಿತು. ವೃದ್ಧರಿಗೂ ಸ್ತ್ರೀಯರಿಗೂ ಇದು ಅನುಕೂಲವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಹಣವಿದ್ದವರು ಕೋಣೆಗೆ ಹೊರಳಿದಂತೆ ಬಯಲಿನ ಕುಂಡಗಳ ಯೋಗಕ್ಷೇಮ ವಿಚಾರಿಸುವವರು ಕಡಿಮೆಯಾದರು. ಮಳೆಗಾಲದ ಪ್ರವಾಹ ತುಂಬಿಹೋದ ಕೆಸರು, ಸಾಬೂನಿನ ನೊರೆ, ಎಸೆದ ಬಟ್ಟೆ ಇವುಗಳ ನಡುವೆ ಬಡವರು ಮುಳುಗೇಳುವುದನ್ನು ಕಂಡು ಮನಸ್ಸು ಮರುಗಿದೆ.

ಕುಂಡವು ವಾಸಿ ಮಾಡುತ್ತಿದ್ದುದು ಕೀಲುನೋವನ್ನು ಮಾತ್ರವಲ್ಲ, ಮನುಷ್ಯರ ನಡುವಣ ಅಂತರವನ್ನೂ ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ನೀರಿನಿಂದ ಉಪಕೃತರಾದ ನಮ್ಮ ಹೋಟೆಲಿನವರೂ ಕನ್ನಡ ಸಂಘಗಳೂ ಊರಿನವರೊಡನೆ ಕೈಜೋಡಿಸಿ, ವರ್ಷಕ್ಕೊಮ್ಮೆ ಮಳೆ ನಿಂತೊಡನೆ ಕುಂಡಗಳ ಹೂಳೆತ್ತಿಸಿ, ಬಟ್ಟೆ ಬದಲಿಸಲು ಸ್ತ್ರೀಯರಿಗೆ ಮರೆಯೊಂದನ್ನು ಕಟ್ಟಿಸಿಕೊಟ್ಟರೆ, ಕಾಸಿಲ್ಲದವನೂ ಗೌರವದಿಂದ ಮಿಂದು ಹೋಗಬಹುದು. ಇದು ನಮ್ಮ ಶಕ್ತಿಗೆ ಮೀರಿದ ಕಾರ್ಯವೇನಲ್ಲ.