ಹೆಬ್ಬೆರಳಿಗೆ ಗೊತ್ತಾಗುವ ಫುಟ್‌ಬಾಲ್

ಪುಣೆಯಲ್ಲಿ ಗಣಪತಿಯನ್ನು ಕಳಿಸಿಕೊಟ್ಟ ಮೇಲೆ ನನ್ನ ಹಬ್ಬ ಬರುತ್ತದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ, ಕೆಲವು ವರ್ಷ ಅಕ್ಟೋಬರಿನ ಮೊದಲ ದಿನಗಳಲ್ಲಿ, ಫುಟ್‌ಬಾಲ್ ವಿಡಿಯೊ ಗೇಮಿನ ಆ ವರ್ಷದ ಆವೃತ್ತಿ ಹೊರಬೀಳುತ್ತದೆ. 2023ರಲ್ಲಂತೂ ಎರಡೂ ಹಬ್ಬ ಒಂದಕ್ಕೊಂದು ತಾಗಿಕೊಂಡೇ ಬಂದವು. ಸೆಪ್ಟೆಂಬರ್ 28ಕ್ಕೆ ಅನಂತ ಚತುರ್ದಶಿ. ಇಲ್ಲಿಯ ವಿಸರ್ಜನೆಯ ಮೆರವಣಿಗೆ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಮರುದಿನ ಬೆಳಗಾದರೂ ಢೋಲ್-ತಾಶಾ ನಿಂತಿರಲಿಲ್ಲ, ಅಷ್ಟರಲ್ಲಿ ‘ಇಎ ಸ್ಪೋರ್ಟ್ಸ್ ಎಫ್‌ಸಿ 24’ ಬಿಡುಗಡೆಯಾಗಿತ್ತು. 1993ರಿಂದ ‘ಫಿಫಾ’ ಹೆಸರಿನಲ್ಲಿ ಬರುತ್ತಿದ್ದ ಆಟವೇ ಅದು. ವಿಶ್ವಕಪ್ ನಡೆಸುವ ಸಂಸ್ಥೆಗೂ ಆಟ ತಯಾರಿಸುವ ಕಂಪನಿಗೂ ಇದ್ದ ಒಪ್ಪಂದ ಮುಂದುವರಿಯುವುದಿಲ್ಲವೆಂದು 2022ರ ಮೇ ತಿಂಗಳಲ್ಲಿ ಗೊತ್ತಾಯಿತು. ‘ಫಿಫಾ 23’ ಆ ಹೆಸರಿನ ಕೊನೆಯ ಆಟ. ನಮ್ಮ ಬಾಯಲ್ಲಿ ಮಾತ್ರ ಅದಿನ್ನೂ ಫಿಫಾವೇ.

ಊರಿನ ಗೆಳೆಯರು ಕೇಳುವುದುಂಟು: “ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ, ನಡುವೆ ಒಂದು ಚೆಂಡು. ಹೋದ ವರ್ಷವೂ ಅದೇ, ಈ ವರ್ಷವೂ ಅದೇ. ಹೊಸತು ಎಂತದ್ದು ಮಾರಾಯಾ?” ನಾನು ಕುಂದಾಪುರದ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. ‘ಗದಾಯುದ್ಧ’ ಎಷ್ಟು ತಿರುಗಾಟಗಳಲ್ಲಿ ಆಗಿಲ್ಲ? ಕೌರವನ ತೊಡೆ ಮುರಿಯುತ್ತದೆಂದು ಮುಂದೆ ಕೂತ ಮಗುವಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂರುತ್ತೇವೆ. ಸರೋವರದೊಳಗೆ ಅಡಗಿದ ಕೌರವ ಈ ಸಲ ಭೀಮನ ಮೂದಲಿಕೆಗೆ ಏನು ಉತ್ತರ ಕೊಡುತ್ತಾನೆ, ಭಾಗವತರು ಆ ಪದ್ಯವನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ಬಿಡುತ್ತಾರೆ ಎಂಬುದೇ ನಮಗೆ ಬೇಕಾದದ್ದು. ಗೆಳೆಯರ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಪ್ರಸಂಗ ಬದಲಾಗುವುದಿಲ್ಲ. ಬದಲಾಗುವುದನ್ನು ಹಿಡಿಯಲು ಕಣ್ಣು ಪಳಗಬೇಕು. ಈ ಆಟದಲ್ಲಾದರೆ ಹೆಬ್ಬೆರಳು.

ಮೊದಲು ನನ್ನ ಕೈಗೆ ಸಿಕ್ಕಿದ್ದು 1997ರಲ್ಲಿ ಬಂದ ‘ರೋಡ್ ಟು ವರ್ಲ್ಡ್ ಕಪ್ 98’. ಕಂಪ್ಯೂಟರ್ ಕ್ಲಾಸಿನ ಕೀಬೋರ್ಡಿನ ಮೇಲೆ ಆಡಿದ್ದು. ಅದರಲ್ಲಿ 172 ದೇಶಗಳ ತಂಡಗಳಿದ್ದವು, ಅರ್ಹತಾ ಸುತ್ತಿನಿಂದಲೇ ಆಡಿಕೊಂಡು ವಿಶ್ವಕಪ್ಪಿಗೆ ಹೋಗಬಹುದಿತ್ತು. ಭಾರತವೂ ಇತ್ತು. ನೀಲಿ ಅಂಗಿಯ ಭಾರತವನ್ನು ಫ್ರಾನ್ಸಿಗೆ ಕರೆದೊಯ್ಯುವ ಹುಚ್ಚಿನಲ್ಲಿ ನಾನು ಫುಟ್‌ಬಾಲಿನ ಭೂಗೋಳವನ್ನೆಲ್ಲ ಕಲಿತೆ. ಆಗಿನ ಆಟಗಾರರ ಮುಖಗಳು ಚಪ್ಪಟೆ, ಮೈಯೆಲ್ಲ ಮೂಲೆಮೂಲೆ. ಅದರಿಂದ ಏನೂ ಕೊರತೆಯಾಗಲಿಲ್ಲ.

ಆಮೇಲಿನ ಹತ್ತು ವರ್ಷ ನೋಡಲು ಚೆಂದವಾಗುತ್ತ ಹೋಯಿತು, ಆಡಲು ಅಷ್ಟೇನೂ ಅಲ್ಲ. ಹುಲ್ಲು ಹಸಿರಾಯಿತು, ಮೈದಾನಗಳಿಗೆ ಗುರುತು ಬಂತು, ಕೂದಲು ಅಲುಗಾಡಿತು. ಕೈಗೆ ತಾಗಿದ ಮೊದಲ ದೊಡ್ಡ ಬದಲಾವಣೆ 2009ರ ‘ಫಿಫಾ 10’ರದು. ಅಲ್ಲಿಯವರೆಗೆ ಆಟಗಾರ ಎಂಟೇ ದಿಕ್ಕಿಗೆ ಓಡಬಲ್ಲವನಾಗಿದ್ದ. ಇಬ್ಬರು ಡಿಫೆಂಡರ್‌ಗಳ ನಡುವೆ ಸಂದು ಕಾಣುತ್ತಿತ್ತು, ಆದರೆ ಆ ಸಂದು ಎಂಟು ಗೆರೆಗಳಲ್ಲಿ ಒಂದರ ಮೇಲೆ ಇಲ್ಲದಿದ್ದರೆ ಅದರೊಳಗೆ ನುಗ್ಗುವಂತಿರಲಿಲ್ಲ. ‘ಫಿಫಾ 10’ ಸುತ್ತಲೂ 360 ಡಿಗ್ರಿಯನ್ನು ತೆರೆದಿಟ್ಟಿತು. ಕಂಟ್ರೋಲರಿನ ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆಟಗಾರನೂ ಅಷ್ಟೇ ತಿರುಗುತ್ತಿದ್ದ.

ಭಾರತದ ಕಂಪ್ಯೂಟರ್ ಆಟಗಾರರು ಇಲ್ಲಿ ಒಂದು ಮಾತು ನೆನಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ಪ್ಲೇಸ್ಟೇಷನ್ ಇದ್ದ ಮನೆಗಳು ಕಡಿಮೆ. ಸೈಬರ್ ಕೆಫೆ, ಹಾಸ್ಟೆಲ್, ಮನೆ ಎಲ್ಲ ಕಡೆಯೂ ಪಿಸಿಯೇ. ಆ 360 ಡಿಗ್ರಿ ಪಿಸಿಗೆ ಬಂದದ್ದು ಮರುವರ್ಷದ ‘ಫಿಫಾ 11’ರಲ್ಲಿ. 2013ರಲ್ಲಿ ಹೊಸ ಎಂಜಿನ್ ಬಂದಾಗಲೂ ಹಾಗೇ, ಪಿಸಿಗೆ ‘ಫಿಫಾ 15’ರವರೆಗೆ ಇಲ್ಲ. 2021ರಲ್ಲಿ ಬಂದ, ಆಟಗಾರರ ಚಲನೆ ಹಿಡಿಯುವ ಹೈಪರ್‌ಮೋಷನ್ ಎಂಬ ತಂತ್ರ ಕೂಡ ‘ಫಿಫಾ 23’ ಬರುವವರೆಗೆ ಪಿಸಿಯವರಿಗೆ ಸಿಗಲಿಲ್ಲ. ಮೂರು ಸಲವೂ ಒಂದೊಂದು ವರ್ಷ ತಡ. ಪಕ್ಕದ ಮನೆಯ ಹುಡುಗ ಆಡುವುದನ್ನು ನೋಡಿ, ನಮ್ಮ ಮನೆಗೆ ಅದು ಬರುವ ದಿನಕ್ಕೆ ಕಾದವರ ಒಂದು ತಲೆಮಾರೇ ಇದೆ.

2011ರ ‘ಫಿಫಾ 12’ ರಕ್ಷಣೆಯನ್ನು ಬುಡದಿಂದ ಬದಲಿಸಿತು. ಮುಂಚೆ ಒಂದು ಬಟನ್ ಒತ್ತಿ ಹಿಡಿದರೆ ನಮ್ಮ ಡಿಫೆಂಡರ್ ತಾನೇ ಓಡಿಹೋಗಿ ಚೆಂಡು ಕಿತ್ತುಕೊಳ್ಳುತ್ತಿದ್ದ. ಈಗ ಅವನನ್ನು ಎದುರಾಳಿಯ ಮುಂದೆ ನಿಲ್ಲಿಸಬೇಕು, ದೂರ ಕಾಯ್ದುಕೊಳ್ಳಬೇಕು, ಹಿಂದಕ್ಕೆ ಸರಿಯುತ್ತ ದಾರಿ ಮುಚ್ಚಬೇಕು, ಚೆಂಡು ಕಾಲಿನಿಂದ ಚೂರು ದೂರ ಹೋದ ಆ ಕ್ಷಣಕ್ಕೇ ಕಾಲು ಚಾಚಬೇಕು. ಮೊದಮೊದಲು ಎಲ್ಲರೂ ಬೈದರು. ನನಗೆ ಅದು ತುಂಬ ಹಿಡಿಸಿತು. ಗೋಲು ಹೊಡೆಯುವುದಕ್ಕಿಂತ ಒಂದು ಗೋಲು ತಪ್ಪಿಸುವುದರಲ್ಲಿ ಹೆಚ್ಚು ಸುಖವಿದೆ ಎಂದು ನನಗೆ ಕಲಿಸಿದ್ದು ಆ ವರ್ಷ. ಮೈಗೆ ಮೈ ತಾಗಿದರೆ ನಿಜವಾಗಿ ತಾಗಿದಂತೆ ಬೀಳುವ ವ್ಯವಸ್ಥೆಯೂ ಆಗಲೇ ಬಂತು.

ಆದರೆ ಇಷ್ಟೂ ವರ್ಷಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು 2012ರ ‘ಫಿಫಾ 13’ ಎನ್ನುತ್ತೇನೆ. ಅದರ ಹಿಂದಿನ ಆಟಗಳಲ್ಲಿ ಎಷ್ಟೇ ಬಿರುಸಿನ ಪಾಸ್ ಬಂದರೂ ಚೆಂಡು ಆಟಗಾರನ ಕಾಲಿಗೆ ಅಂಟಿ ನಿಲ್ಲುತ್ತಿತ್ತು. ಮೆಸ್ಸಿಯಾದರೂ ಅಷ್ಟೇ, ಕೆಳಗಿನ ಡಿವಿಜನ್ನಿನ ಸಾಮಾನ್ಯನಾದರೂ ಅಷ್ಟೇ. ‘ಫಿಫಾ 13’ ಆ ಅಂಟನ್ನು ತೆಗೆದುಹಾಕಿತು. ಎತ್ತರದಿಂದ ಬಂದ ಚೆಂಡು ಎದೆಗೆ ಬಡಿದು ಪುಟಿಯಿತು. ಬಿರುಸಾಗಿ ಉರುಳಿ ಬಂದದ್ದು ಪಾದದಿಂದ ಎರಡು ಗಜ ಮುಂದಕ್ಕೆ ಜಾರಿತು, ಅಷ್ಟರಲ್ಲಿ ಎದುರಾಳಿ ಅಲ್ಲಿದ್ದ. ಒಳ್ಳೆಯ ಆಟಗಾರ ಅದನ್ನು ಸಾಯಿಸಿ ನಿಲ್ಲಿಸಬಲ್ಲ, ಸಾಧಾರಣದವನಿಗೆ ಆಗದು. ಓಡುತ್ತ ಹಿಡಿಯುವುದು ಬೇರೆ, ನಿಂತು ಹಿಡಿಯುವುದು ಬೇರೆ. ಮೈಮೇಲೆ ಒಬ್ಬ ಒತ್ತಿಕೊಂಡು ನಿಂತಿದ್ದರೆ ಅದು ಇನ್ನೂ ಬೇರೆ. ಈ ಒಂದೇ ಬದಲಾವಣೆ ಉಳಿದೆಲ್ಲವನ್ನೂ ಬದಲಿಸಿತು. ಪಾಸ್ ಕೊಡುವ ಮೊದಲು ಯೋಚಿಸಬೇಕಾಯಿತು: ಇದನ್ನು ಪಡೆಯುವವನು ಯಾರು, ಅವನ ಮುಖ ಯಾವ ಕಡೆಗಿದೆ, ಯಾವ ಕಾಲು ಒಳ್ಳೆಯದು? ಬಟನ್ ಎಷ್ಟು ಹೊತ್ತು ಒತ್ತಿದೆ ಎಂಬುದಕ್ಕೆ ತೂಕ ಬಂತು. ಟಿವಿಯಲ್ಲಿ ನಿಜವಾದ ಪಂದ್ಯ ನೋಡುವ ನನ್ನ ಕ್ರಮವೂ ಆಮೇಲೆ ಬದಲಾಯಿತು. ಮೊದಲು ಗೋಲು ಹೊಡೆದವನನ್ನು ನೋಡುತ್ತಿದ್ದೆ. ಈಗ ಅದಕ್ಕೆ ಎರಡು ಪಾಸ್ ಹಿಂದೆ, ಮೈದಾನದ ನಡುವೆ ಬೆನ್ನು ತಿರುಗಿಸಿ ನಿಂತು ಚೆಂಡನ್ನು ಒಂದೇ ತಟ್ಟಿಗೆ ತನ್ನ ಬದಿಗೆ ಇಟ್ಟುಕೊಂಡವನನ್ನು ನೋಡುತ್ತೇನೆ.

ಬಾಲೇವಾಡಿಯ ಶಿವಛತ್ರಪತಿ ಕ್ರೀಡಾಂಗಣಕ್ಕೆ ಹೋಗಲು ಶುರುಮಾಡಿದ್ದೂ ಹೀಗೆ ನೋಡುವ ಆಸೆಯಿಂದಲೇ. ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇರುವ ಕ್ರೀಡಾಂಗಣ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಕಿತ್ತಳೆ-ನೇರಳೆಯ ಎಫ್‌ಸಿ ಪುಣೆ ಸಿಟಿ ಅಲ್ಲಿ ಆಡಿತು, ಮೊದಲ ವರ್ಷವೇ ಡೇವಿಡ್ ಟ್ರೆಜೆಗೆ ಬಂದ. 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದವನು, ಯುವೆಂಟಸ್ ಅಂಗಿಯಲ್ಲಿ ಎಷ್ಟೋ ವರ್ಷ ನಾನು ಪರದೆಯ ಮೇಲೆ ಓಡಿಸಿದವನು. ಅವನು ನಮ್ಮೂರಿನ ಹುಲ್ಲಿನ ಮೇಲೆ ನಿಂತದ್ದನ್ನು ಕಣ್ಣಾರೆ ಕಂಡೆ. 2018ರ ಸೆಮಿಫೈನಲ್ ಬಂದಾಗ ಎದುರಿಗೆ ಬೆಂಗಳೂರು ಎಫ್‌ಸಿ. ಬಾಲೇವಾಡಿಯಲ್ಲಿ ಗೋಲಿಲ್ಲದೆ ಸಮ. ಮಾರ್ಚ್ 11ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿ ಒಬ್ಬನೇ ಮೂರು ಗೋಲು ಹೊಡೆದು 3-1. ಪುಣೆಯ ಅನ್ನ ತಿನ್ನುವ ಕನ್ನಡಿಗನಿಗೆ ಆ ರಾತ್ರಿ ಯಾವ ಕಡೆ ಕೂಗಬೇಕೆಂದೇ ತಿಳಿಯಲಿಲ್ಲ. ಮರುವರ್ಷ, 2019ರಲ್ಲಿ, ಪುಣೆಯ ತಂಡವೇ ಮುಚ್ಚಿಹೋಯಿತು. ಲೀಗಿನಲ್ಲಿ ಅದರ ಜಾಗ ಹೈದರಾಬಾದಿಗೆ ಹೋಯಿತು.

ಇಂಡಿಯನ್ ಸೂಪರ್ ಲೀಗ್ ಆಟದೊಳಗೆ ಬಂದದ್ದು 2021ರ ‘ಫಿಫಾ 22’ರಲ್ಲಿ. ಹನ್ನೊಂದು ಕ್ಲಬ್ಬುಗಳೂ ಬಂದವು, ಬೆಂಗಳೂರು ಬಂತು, ಛೆಟ್ರಿ ಬಂದ. ಪುಣೆ ಎರಡು ವರ್ಷದ ಹಿಂದೆಯೇ ಇಲ್ಲವಾಗಿತ್ತು. ಅದೇ ವರ್ಷದ ಇನ್ನೊಂದು ಸುಧಾರಣೆ ನನಗೆ ದೊಡ್ಡ ಉಡುಗೊರೆಯಾಯಿತು. ಕರಿಯರ್ ಮೋಡಿನಲ್ಲಿ ನಮ್ಮದೇ ಕ್ಲಬ್ ಕಟ್ಟಿಕೊಳ್ಳಬಹುದು: ಹೆಸರು, ಲಾಂಛನ, ಅಂಗಿಯ ಬಣ್ಣ, ಮೈದಾನದ ಆಸನಗಳ ಬಣ್ಣ, ಬದ್ಧ ಎದುರಾಳಿ ಯಾರು ಎನ್ನುವುದು ಕೂಡ. ಲೀಗಿನಲ್ಲಿರುವ ಒಂದು ತಂಡವನ್ನು ತೆಗೆದು ಆ ಜಾಗದಲ್ಲಿ ನಮ್ಮದನ್ನು ಕೂರಿಸಬೇಕು. ನಾನು ಹೈದರಾಬಾದನ್ನು ತೆಗೆದೆ. ಕಿತ್ತಳೆ ಅಂಗಿ, ನೇರಳೆ ಚಡ್ಡಿ, ಎದುರಾಳಿ ಬೆಂಗಳೂರು. ಮೊದಲ ಪಂದ್ಯಕ್ಕೆ ತಂಡ ಸುರಂಗದಿಂದ ಹೊರಗೆ ಬಂದಾಗ, ಪರದೆಯ ಮೂಲೆಯಲ್ಲಿ ಪುಣೆಯ ಹೆಸರು ಮೂಡಿದಾಗ, ನನಗಾದ ಸಂತೋಷ ದೊಡ್ಡದು. ಯಾವ ಲೀಗೂ ಯಾವ ಮಾಲೀಕರೂ ಅದನ್ನು ಅಲ್ಲಿಂದ ತೆಗೆಯಲಾರರು.

ಹೈಪರ್‌ಮೋಷನ್ನಿನ ಮಾತು ಹೇಳಿದೆನಲ್ಲ, ಅದು ಹೆಸರಿಗೆ ತಕ್ಕ ಕೆಲಸವೇ. ಮುಂಚೆ ಸ್ಟುಡಿಯೊದಲ್ಲಿ ಒಬ್ಬಿಬ್ಬರಿಗೆ ಉಡುಪು ತೊಡಿಸಿ ಚಲನೆಗಳನ್ನು ಹಿಡಿಯುತ್ತಿದ್ದರು. ಈ ಸಲ ನಿಜವಾದ ಮೈದಾನದಲ್ಲಿ ಇಪ್ಪತ್ತೆರಡೂ ಆಟಗಾರರಿಗೆ ಸೆನ್ಸರ್ ಉಡುಪು ತೊಡಿಸಿ ಇಡೀ ಪಂದ್ಯ ಆಡಿಸಿದರು. ಅದರ 87 ಲಕ್ಷಕ್ಕೂ ಹೆಚ್ಚು ಫ್ರೇಮುಗಳಿಂದ ಕಂಪ್ಯೂಟರ್ ತಾನೇ ಓಟದ ಹೆಜ್ಜೆಗಳನ್ನು ಕಲಿತಿತು. ಚೆಂಡಿಲ್ಲದವರು ಕೂಡ ಸಾಲು ಹಿಡಿದು ಮುಂದೆ ಬರುವುದು, ಹಿಂದೆ ಸರಿಯುವುದು ಕಾಣತೊಡಗಿತು. ‘ಎಫ್‌ಸಿ 24’ಕ್ಕೆ ಉಡುಪೂ ಬೇಡವಾಯಿತು, 180ಕ್ಕೂ ಹೆಚ್ಚು ನಿಜವಾದ ಪಂದ್ಯಗಳಿಂದಲೇ ಚಲನೆಗಳನ್ನು ತೆಗೆದುಕೊಂಡರು, ಅದರಲ್ಲಿ ಮಹಿಳೆಯರ ಪಂದ್ಯಗಳೂ ಇದ್ದವು.

ಮಹಿಳೆಯರ ತಂಡಗಳು ಮೊದಲು ಬಂದದ್ದು ‘ಫಿಫಾ 16’ರಲ್ಲಿ, ಹನ್ನೆರಡು ದೇಶಗಳವು. ಕ್ಲಬ್ಬುಗಳು ಬರಲು ‘ಫಿಫಾ 23’ರವರೆಗೆ ಕಾಯಬೇಕಾಯಿತು, ಆ ವರ್ಷ ಎಂಬಾಪೆಯ ಜೊತೆ ಸ್ಯಾಮ್ ಕೆರ್ ಮುಖಪುಟದ ಮೇಲಿದ್ದಳು. ನನ್ನ ಅಕ್ಕನ ಮಗಳು ಇಲ್ಲೇ ಕಾಲೇಜಿಗೆ ಬಂದಿದ್ದಾಳೆ, ಭಾನುವಾರ ಊಟಕ್ಕೆ ಮನೆಗೆ ಬರುತ್ತಾಳೆ. ಅವಳು ಆಡುವುದು ಚೆಲ್ಸೀ ಮಹಿಳಾ ತಂಡದಿಂದಲೇ. ನಾವಿಬ್ಬರೂ ಸೋಫಾದ ಮೇಲೆ ಪಕ್ಕಪಕ್ಕ ಕೂತು ಆಡುತ್ತೇವೆ. ಹೊಸ ಆವೃತ್ತಿ ಬಂದ ಮೊದಲ ಭಾನುವಾರ ಗೆಲ್ಲುವ ಲೆಕ್ಕವಿಲ್ಲ. ಏನು ಬದಲಾಗಿದೆ ಎಂದು ಹುಡುಕುವುದೇ ಆಟ. ಕಾರ್ನರ್ ಹೊಡೆದು ನೋಡುತ್ತೇವೆ, ಬೇಕೆಂದೇ ಕೆಟ್ಟ ಪಾಸ್ ಕೊಟ್ಟು ನೋಡುತ್ತೇವೆ. 2025ರ ಸೆಪ್ಟೆಂಬರ್ 26ಕ್ಕೆ ಬಂದ ‘ಎಫ್‌ಸಿ 26’ರಲ್ಲಿ ಅವಳೇ ಮೊದಲು ಹೇಳಿದಳು: “ಮಾವ, ಗೋಲಿ ನಿಂತ ಜಾಗ ಕಾಣು. ಹತ್ತಿರದ ಕಂಬ ಬಿಟ್ಟು ಹೋಗುದೇ ಇಲ್ಲ.” ಹೌದು, ಗೋಲ್‌ಕೀಪರ್ ಎಲ್ಲಿ ನಿಲ್ಲಬೇಕೆಂಬುದನ್ನು ಆ ವರ್ಷ ಹೊಸದಾಗಿ ಕಲಿಸಿದ್ದರು. ಆನ್‌ಲೈನ್ ಪೈಪೋಟಿಗೆ ಒಂದು ವೇಗ, ಮನೆಯಲ್ಲಿ ಕರಿಯರ್ ಆಡುವವರಿಗೆ ನಿಜವಾದ ಪಂದ್ಯದಂಥ ಇನ್ನೊಂದು ವೇಗ ಎಂದು ಆಟವನ್ನೇ ಎರಡು ಬಗೆಯಾಗಿ ಮಾಡಿದ್ದೂ ಆಗಲೇ. ಇದು ಎಂದೋ ಆಗಬೇಕಿದ್ದ ಕೆಲಸ. ಮಿಂಚಿನ ಓಟವೇ ಬೇಕಾದವರು, ಹತ್ತು ಪಾಸ್ ಕೂಡಿಸಿ ಗೋಲಿನತ್ತ ಹೋಗಬೇಕೆನ್ನುವವರು, ಇಬ್ಬರನ್ನೂ ಒಂದೇ ಆಟದಲ್ಲಿ ತೃಪ್ತಿಪಡಿಸಲು ಹೋಗಿ ಹಿಂದಿನ ಕೆಲವು ಆವೃತ್ತಿಗಳು ಇಬ್ಬರಿಗೂ ಬೇಡವಾಗಿದ್ದವು.

ದುಡ್ಡಿನ ವಿಷಯ ಮುಚ್ಚಿಡುವಂಥದ್ದಲ್ಲ. 2022ರ ಜುಲೈನಲ್ಲಿ ‘ಫಿಫಾ 23’ರ ದುಬಾರಿ ಆವೃತ್ತಿ ಭಾರತದ ಎಪಿಕ್ ಗೇಮ್ಸ್ ಅಂಗಡಿಯಲ್ಲಿ 4,799 ರೂಪಾಯಿಯ ಬದಲು 4.80 ರೂಪಾಯಿಗೆ ಕಾಣಿಸಿಕೊಂಡಿತ್ತು. ಆ ಬೆಲೆಗೆ ಕೊಂಡವರಿಗೆ ಕಂಪನಿ ಆಟ ಕೊಟ್ಟಿತು. ಅಂಥದ್ದು ಪ್ರತಿ ವರ್ಷ ಆಗುವುದಿಲ್ಲ. ಮತ್ತೆ ಅಲ್ಟಿಮೇಟ್ ಟೀಮ್ ಎಂಬ ವಿಭಾಗದಲ್ಲಿ ಒಳಗೇನಿದೆಯೆಂದು ತಿಳಿಯದ ಪ್ಯಾಕುಗಳನ್ನು ದುಡ್ಡು ಕೊಟ್ಟು ಒಡೆಯುವ ಚಟವಿದೆ. ಬೆಲ್ಜಿಯಂ ಅದನ್ನು ಜೂಜು ಎಂದು ಕಂಡಿತು, 2019ರ ಜನವರಿಯಿಂದ ಆ ದೇಶದಲ್ಲಿ ಅದಕ್ಕಾಗಿ ಪಾಯಿಂಟ್ ಮಾರುವುದು ನಿಂತಿತು. ಆ ತೀರ್ಮಾನ ಸರಿ ಎಂದೇ ನನ್ನ ಮತ. ಈ ಆಟದ ಸುಖ ಹೆಬ್ಬೆರಳಿನಲ್ಲಿದೆ, ಆ ಪ್ಯಾಕುಗಳ ಕಡೆ ಹೋಗುವ ಅಗತ್ಯವೇ ಇಲ್ಲ.

ಇನ್ನೂ ಆಗಬೇಕಾದದ್ದಿದೆ. ನಮ್ಮ ಲೀಗಿನ ಹುಡುಗರಿಗೆ ಅವರದೇ ಮುಖ ಬರಬೇಕು. ಕಂಠೀರವ, ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನಗಳು ಹೆಸರು ಹಿಡಿದು ಬರಬೇಕು. ಅವು ಬರುವವರೆಗೂ ನಾನು ಪ್ರತಿ ವರ್ಷ ಕೊಳ್ಳುವವನೇ, ಏಕೆಂದರೆ ಆ ಚೂರುಪಾರು ಬದಲಾವಣೆಗಳನ್ನು ಹುಡುಕುವುದೇ ನನ್ನ ಹವ್ಯಾಸ. ನಿಮ್ಮ ಮನೆಯಲ್ಲಿ ಎರಡು ಮೂರು ವರ್ಷ ಹಳೆಯ ಆವೃತ್ತಿ ಇದ್ದರೆ ಅದು ಧಾರಾಳ ಸಾಕು. ಹೊಸದನ್ನು ಕೊಳ್ಳುವ ಮೊದಲು ಎರಡನೆಯ ಕಂಟ್ರೋಲರ್ ಕೊಳ್ಳಿ.