ಏಕನಾಯಕನ ಬೇರು, ನನ್ನ ಮಾತ್ರೆ

ನಿಮ್ಮ ಅಡಿಗೆಮನೆಯ ಯಾವುದಾದರೊಂದು ಡಬ್ಬಿಯಲ್ಲಿ ಒಂದಿಷ್ಟು ನಾರುಬೇರು ಇದ್ದೇ ಇರುತ್ತದೆ, ಅಲ್ಲವೆ? ನಮ್ಮ ಕಡಬದ ಮನೆಯಲ್ಲೂ ಇದೆ. ಅದರಲ್ಲೊಂದು ಬೇರಿನ ಕತೆ ಹೇಳುತ್ತೇನೆ, ಕೇಳಿ.

ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಪುತ್ತೂರಿನ ಡಾಕ್ಟರಮ್ಮ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರು. ನಲವತ್ತನಾಲ್ಕಕ್ಕೇ ದಿನಾ ಮಾತ್ರೆಯೇ ಎಂದು ಅಳುವೇ ಬಂತು. ಸುಳ್ಯದ ತವರಿಗೆ ಹೋದಾಗ ದೊಡ್ಡಮ್ಮ ಒಂದು ಕಟ್ಟು ಏಕನಾಯಕನ ಬೇರು ಕೈಗಿತ್ತರು. "ಇಂಗ್ಲಿಷ್ ಮದ್ದು ತಿಂದು ಮೈ ಒಣಗಿಸ್ಬೇಡ ಮಗಳೇ. ಇದು ನಮ್ಮ ಗುಡ್ಡೆಯದ್ದು, ತೊಂದ್ರೆ ಏನೂ ಇಲ್ಲ" ಎಂದರು.

ಜಜ್ಜಿ, ಕುದಿಸಿ, ಎರಡು ಹೊತ್ತೂ ಕಷಾಯ ಕುಡಿದೆ. ಮಾತ್ರೆಯನ್ನು ಸದ್ದಿಲ್ಲದೆ ನಿಲ್ಲಿಸಿದೆ. ಯಜಮಾನರಿಗೂ ಹೇಳಲಿಲ್ಲ. ಕಹಿಯೆಲ್ಲ ಮದ್ದು ಎಂದು ವಾರಕ್ಕೆರಡು ಸಲ ಹಾಗಲಕಾಯಿ ಮೆಣಸ್ಕಾಯಿ ಬೇರೆ. ಅದಕ್ಕೆ ನಾನೇ ಹಾಕುತ್ತಿದ್ದ ಬೆಲ್ಲ ಮಾತ್ರ ಲೆಕ್ಕಕ್ಕೆ ಬರಲಿಲ್ಲ ನೋಡಿ!

ಮೂರು ತಿಂಗಳಾಗಿತ್ತು. ಅಡಿಕೆ ಸುಲಿಯುವಾಗ ಮೆಟ್ಟುಕತ್ತಿ ತಾಗಿ ಕಾಲಿನ ಬೆರಳು ಗೀರಿತು. ಸಣ್ಣ ಗಾಯವೆಂದು ಅರಸಿನ ಹಚ್ಚಿ ಸುಮ್ಮನಾದೆ. ಹದಿನೈದು ದಿನವಾದರೂ ಮಾಯಲಿಲ್ಲ, ಕೀವು ಕಟ್ಟಿತು. ಹೆದರಿ ಪುತ್ತೂರಿಗೆ ಓಡಿದೆವು. ಮಾತ್ರೆ ತಿನ್ನುವಾಗ ಖಾಲಿ ಹೊಟ್ಟೆಯಲ್ಲಿ 128 ಇದ್ದ ಸಕ್ಕರೆ ಈಗ 236! ಯಜಮಾನರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. "ಏಕನಾಯಕ ಸುಳ್ಳಲ್ಲ ಅಕ್ಕ" ಎಂದರು. ಆ ಕುಲದ ಬಳ್ಳಿಯಿಂದ 1997ರಲ್ಲಿ ಜಪಾನಿನ ವಿಜ್ಞಾನಿಗಳು ಸಲಸಿನಾಲ್ ಎಂಬ ವಸ್ತುವನ್ನು ಬೇರ್ಪಡಿಸಿದ್ದಾರಂತೆ. ನಾವು ಉಂಡ ಅನ್ನದ ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗುವುದನ್ನು ಅದು ನಿಧಾನ ಮಾಡುತ್ತದೆ. "ಆದ್ರೆ ರಾತ್ರಿ ನೀವು ಮಲಗಿದ್ದಾಗ ಯಕೃತ್ತೂ ರಕ್ತಕ್ಕೆ ಸಕ್ಕರೆ ಬಿಡ್ತದೆ. ಅದನ್ನು ಹಿಡಿದಿಡುವುದು ಮಾತ್ರೆಯ ಕೆಲಸ. ಮತ್ತೆ, ನಿಮ್ಮ ಒಂದು ಹಿಡಿ ಬೇರಿನಲ್ಲಿ ಆ ಸತ್ವ ಎಷ್ಟಿದೆ ಅಂತ ಅಳೆದವರು ಯಾರು?"

ನನ್ನಲ್ಲಿ ಉತ್ತರ ಇರಲಿಲ್ಲ.

ಆಮೇಲೆ ಹೇಳಿದ್ದು ಕೇಳಿ ಬೆರಗಾದೆ. ಆ ಮಾತ್ರೆಯ ಹಿಂದೆಯೂ ಒಂದು ಗಿಡವೇ ಇದೆಯಂತೆ! ಯುರೋಪಿನ ಗಲೇಗ ಎಂಬ ಗಿಡದ ಸತ್ವ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷ. ಅದೇ ಬಳಗಕ್ಕೆ ಸೇರಿದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾಯಿತು. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿ ವರದಿ ಪ್ರಕಟಿಸಿದ್ದು 1957ರಲ್ಲಿ. ಅಷ್ಟು ವರ್ಷ ಹಿಡಿದ ಕೆಲಸವನ್ನು ನಾನು ಒಂದು ಕಟ್ಟು ಬೇರಿನಲ್ಲಿ ಮುಗಿಸಲು ಹೊರಟಿದ್ದೆ!

ಮಾತ್ರೆ ಮತ್ತೆ ಶುರುವಾಯಿತು. ಗಾಯ ಮಾಯಲು ಒಂದೂವರೆ ತಿಂಗಳು ಬೇಕಾಯಿತು. ಬೆರಳು ಉಳಿಯಿತು.

ಸೋದರಿಯರೇ, ಕಷಾಯ ಬಿಡಿ ಎಂದು ನಾನು ಹೇಳುವುದಿಲ್ಲ. ಡಾಕ್ಟರಿಗೆ ಹೇಳದೆ ಮಾತ್ರೆ ಬಿಡಬೇಡಿ. ಹೇಳದೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲೂ ಬೇಡಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಜೊತೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಇನ್ನೊಂದು ಮಾತು: ಬೇರು ಅಗೆದರೆ ಬಳ್ಳಿಯೇ ಹೋಗುತ್ತದೆ. ಗುಡ್ಡೆಯ ಮೇಲೂ ಸ್ವಲ್ಪ ಕರುಣೆ ಇರಲಿ.

ಮೊನ್ನೆ ದೊಡ್ಡಮ್ಮನಿಗೆ ಗಲೇಗದ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹಾಗಾದ್ರೆ ಅದೂ ನಾರುಬೇರೇ ಅಲ್ವಾ? ಮರೀದೆ ತಿನ್ನು."