ಸುಂಕದಕಟ್ಟೆಯಲ್ಲಿ ಬೆಳಗು

ಶಾಸ್ತ್ರಗ್ರಂಥಗಳಲ್ಲಿ ಘಟ್ಟಕುಟೀಪ್ರಭಾತನ್ಯಾಯವೆಂಬುದೊಂದುಂಟು. ಸುಂಕ ತೆರಲೊಲ್ಲದ ವರ್ತಕನೊಬ್ಬನು ಹೆದ್ದಾರಿಯನ್ನು ಬಿಟ್ಟು, ಇರುಳಿನಲ್ಲಿ ಅಡ್ಡದಾರಿ ಹಿಡಿದು, ಕಾಡುಮೇಡುಗಳನ್ನೆಲ್ಲ ಸುತ್ತಿ, ಬೆಳಗಾಗುತ್ತಲೆ ಕಣ್ಣೆತ್ತಿ ನೋಡಲಾಗಿ, ತಾನು ನಿಂತಿರುವುದು ಸುಂಕದವನ ಗುಡಿಸಲಿನ ಬಾಗಿಲಲ್ಲಿಯೇ! ಯಾವ ದೋಷದಿಂದ ತಪ್ಪಿಸಿಕೊಳ್ಳಲು ಹೊರಟನೋ ಅದೇ ದೋಷಕ್ಕೆ ಬಂದು ಬೀಳುವ ವಾದಿಯನ್ನು ಕುರಿತು ಪಂಡಿತರು ಈ ಮಾತನ್ನು ಆಡುವರು. ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಕೊಬ್ಬಿ ಬೆಳೆದ ರಗ್ಬಿ ಲೀಗ್ ಎಂಬ ಆಟದ ಚರಿತ್ರೆಗೆ ಇದಕ್ಕಿಂತ ಒಪ್ಪುವ ದೃಷ್ಟಾಂತವು ಸಿಕ್ಕುವುದು ಕಷ್ಟ.

ಆ ಆಟವು ಹುಟ್ಟಿದ್ದೇ ಕೂಲಿಯ ಜಗಳದಿಂದ. ಇಂಗ್ಲೆಂಡಿನ ಉತ್ತರಭಾಗದಲ್ಲಿ ರಗ್ಬಿಯಾಡುತ್ತಿದ್ದವರಲ್ಲಿ ಬಹುಮಂದಿ ಗಣಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವವರು. ಶನಿವಾರದ ಆಟಕ್ಕೆ ಹೋದರೆ ಆ ಹೊತ್ತಿನ ಸಂಬಳಕ್ಕೆ ಸಂಚಕಾರ. ಕಳೆದುಕೊಂಡ ಕೂಲಿಯನ್ನಾದರೂ ಕಟ್ಟಿಕೊಡಿರೆಂದು ಕೇಳಿದರೆ, ಊಟಕ್ಕೆ ಕೊರತೆಯಿಲ್ಲದ ದಕ್ಷಿಣದ ದೊಡ್ಡಮನುಷ್ಯರು, ಹಣ ಮುಟ್ಟಿದರೆ ಆಟವು ಮೈಲಿಗೆಯಾಗುವುದೆಂದರು. ಆಗ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳವರು ಕೂಡಿ, ಬೇರೆ ಒಲೆ ಹೂಡಿದರು. ಮೊದಲಿಗೆ ಅವರು ಕೊಡಲೊಪ್ಪಿದ್ದು ದಿನಕ್ಕೆ ಆರು ಷಿಲಿಂಗ್ ಮಾತ್ರ. ಹದಿನೈದು ಮಂದಿಯ ತಂಡವು 1906ರಲ್ಲಿ ಹದಿಮೂರಕ್ಕೆ ಇಳಿಯಿತು. 1908ರಲ್ಲಿ ಸಿಡ್ನಿಯಲ್ಲಿಯೂ ಪಂದ್ಯಾವಳಿ ಮೊದಲಾಯಿತು.

ಹೀಗೆ ಕೂಲಿಗಾರನ ಪಕ್ಷ ವಹಿಸಿ ಹುಟ್ಟಿದ ಆಟವೇ ಕಾಲಕ್ರಮದಲ್ಲಿ ಕೂಲಿಗಾರನನ್ನು ಗೂಟಕ್ಕೆ ಕಟ್ಟಿತು. ಸಿಡ್ನಿಯ ನಿಯಮದಂತೆ, ಕರಾರಿನ ಅವಧಿ ತೀರಿದ ಮೇಲೂ ಕ್ಲಬ್ಬಿನವರು ಆಟಗಾರನ ಹೆಸರನ್ನು 'ಉಳಿಸಿಕೊಂಡವರ' ಪಟ್ಟಿಯಲ್ಲಿ ಬರೆದುಬಿಟ್ಟರೆ ಸಾಕು. ಆತನು ಬೇರೊಂದು ಕ್ಲಬ್ಬಿಗೆ ಆಡುವಂತಿಲ್ಲ. ಬಿಡುವುದಾದರೂ ಬೆಲೆ ಕಟ್ಟಿಯೇ ಬಿಡುವರು. ಬಾಲ್ಮೇನ್ ಕ್ಲಬ್ಬಿನ ಡೆನಿಸ್ ಟಟ್ಟಿಯೆಂಬ ತರುಣನು ಇದನ್ನು ಒಪ್ಪಲಿಲ್ಲ. 1967ರಲ್ಲಿ ಸ್ವದೇಶದ ಪರವಾಗಿ ಆಡಿ ಹೆಸರು ಪಡೆದಿದ್ದವನು, ತನ್ನನ್ನು ಬಿಡಿರೆಂದು ಕೇಳಿ, ಬಿಡದಿರಲಾಗಿ 1969ರ ಋತುವಿನಲ್ಲಿ ಮೈದಾನಕ್ಕೆ ಇಳಿಯದೆಯೇ ಕುಳಿತನು. ವಿಧಿಯ ಕುಚೋದ್ಯವನ್ನು ನೋಡಬೇಕು! ಅದೇ ವರ್ಷ ಬಾಲ್ಮೇನ್ ತಂಡವು, ಯಾರೂ ಎಣಿಸದಿದ್ದ ರೀತಿಯಲ್ಲಿ, ಬಲಿಷ್ಠವಾದ ಸೌತ್ ಸಿಡ್ನಿ ತಂಡವನ್ನು ಕೊನೆಯ ಪಂದ್ಯದಲ್ಲಿ 11-2ರಿಂದ ಸೋಲಿಸಿತು. ಆಟಗಾರನೊಬ್ಬನ ಆಯುಸ್ಸಿನಲ್ಲಿ ಅಂಥ ದಿನ ಮತ್ತೊಮ್ಮೆ ಬರುವುದಿಲ್ಲ. ಸಂಗಡಿಗರು ಕಪ್ಪನ್ನು ಎತ್ತಿ ಹಿಡಿದಾಗ ಟಟ್ಟಿಯು ಅವರೊಡನೆ ಇರಲಿಲ್ಲ.

ವ್ಯಾಜ್ಯವು ಆ ದೇಶದ ಪರಮೋಚ್ಚ ನ್ಯಾಯಸ್ಥಾನವಾದ ಹೈಕೋರ್ಟಿನವರೆಗೂ ಏರಿತು. ಆಟವೆಂದರೆ ವಿನೋದ, ವಿನೋದಕ್ಕೆ ವ್ಯಾಪಾರದ ಕಾನೂನೇಕೆ ಎಂಬ ವಾದವು ಅಲ್ಲಿ ನಿಲ್ಲಲಿಲ್ಲ. ಸಂಬಳ ಪಡೆದು ಆಡುವವನಿಗೆ ಆಟವೂ ಒಂದು ಕಸುಬೇ. ಕರಾರು ಮುಗಿದವನ ಕಸುಬಿಗೆ ಇಂಥ ಅಡ್ಡಿ ಹಾಕುವುದು ಅಯುಕ್ತವೆಂದು 1971ರಲ್ಲಿ ತೀರ್ಪಾಯಿತು. ಇಂಗ್ಲೆಂಡಿನ ನ್ಯಾಯಾಧೀಶರೊಬ್ಬರು 1963ರಲ್ಲಿಯೇ ಕಾಲ್ಚೆಂಡಾಟದ ಜಾರ್ಜ್ ಈಸ್ಟ್‌ಹ್ಯಾಮನ ಮೊಕದ್ದಮೆಯಲ್ಲಿ ಇದೇ ದಾರಿಯನ್ನು ತೋರಿದ್ದರು.

ಕಟ್ಟು ಬಿಚ್ಚಿತು, ಬೆಲೆ ಏರಿತು. ಹಣವಂತ ಕ್ಲಬ್ಬುಗಳು ಗಟ್ಟಿಗರನ್ನೆಲ್ಲ ಬಾಚಿಕೊಂಡರೆ ಉಳಿದವರ ಗತಿಯೇನು? ಎದುರಂಗಡಿ ಮುಚ್ಚಿದರೆ ಸೆಟ್ಟಿಗೆ ಲಾಭ. ಎದುರಾಳಿಯೇ ಇಲ್ಲವಾದರೆ ಜಟ್ಟಿಗೆ ಕೆಲಸವೇ ಇಲ್ಲ. ಈ ವಿಚಾರದಿಂದ ಸಿಡ್ನಿಯ ಲೀಗಿನವರು 1990ರಲ್ಲಿ ವೇತನಮಿತಿಯನ್ನು ತಂದರು. ಒಬ್ಬೊಬ್ಬನಿಗೆ ಇಷ್ಟೆಂದಲ್ಲ, ಒಂದು ಕ್ಲಬ್ಬು ತನ್ನ ಆಟಗಾರರಿಗೆಲ್ಲ ಕೊಡುವ ಸಂಬಳದ ಮೊತ್ತವು ಗೊತ್ತಾದ ಗೆರೆಯನ್ನು ದಾಟಕೂಡದು. ಉದ್ದೇಶವು ಒಳ್ಳೆಯದೇ. ಆದರೆ ಗೆರೆಯಿದ್ದಲ್ಲಿ ಕಳ್ಳದಾರಿಯೂ ಇರುವುದಷ್ಟೆ. 2002ರಲ್ಲಿ ಪಟ್ಟಿಯ ತುದಿಯಲ್ಲಿದ್ದ ಕ್ಯಾಂಟರ್ಬರಿ ಕ್ಲಬ್ಬು ಮಿತಿ ಮೀರಿದ ತಪ್ಪಿಗೆ 37 ಅಂಕಗಳನ್ನು ಕಳೆದುಕೊಂಡಿತು. ಮೆಲ್ಬರ್ನ್ ಕ್ಲಬ್ಬು ಜೋಡಿ ಲೆಕ್ಕವನ್ನಿಟ್ಟು ಸಿಕ್ಕಿಬಿದ್ದು, 2007 ಮತ್ತು 2009ರ ಪ್ರಶಸ್ತಿಗಳನ್ನು 2010ರಲ್ಲಿ ಒಪ್ಪಿಸಬೇಕಾಯಿತು. ಆ ವರ್ಷವೆಲ್ಲ ಗೆದ್ದರೂ ಅಂಕವಿಲ್ಲದೆ ಆಡಬೇಕಾಯಿತು. ಲೆಕ್ಕ ಬರೆದವರು ಯಾರೋ, ಮೈ ಮುರಿದು ಆಡಿದವರು ಯಾರೋ.

ಇನ್ನೊಂದು ತೊಡಕೆಂದರೆ, ಈ ಗೆರೆಗೆ ಸಮುದ್ರವನ್ನು ದಾಟುವ ಶಕ್ತಿಯಿಲ್ಲ. ಒಳ್ಳೆಯ ಆಟಗಾರರು ಹಡಗನ್ನೇರುವುದು ಹೊಸ ಸಂಗತಿಯೇನೂ ಅಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿಗೆ ಬಂದ ಸಿಡ್ನಿಯ ಬ್ರಯನ್ ಬೆವನ್ ಎಂಬ ಕೃಶಕಾಯನು ವಾರಿಂಗ್‌ಟನ್ ಕ್ಲಬ್ಬನ್ನು ಸೇರಿ, ತನ್ನ ಕಾಲದಲ್ಲಿ ಒಟ್ಟು 796 ಬಾರಿ ಚೆಂಡನ್ನು ಎದುರಾಳಿಗಳ ಗೆರೆಯಾಚೆ ನೆಲಕ್ಕೂರಿದನು. ಸ್ವದೇಶದ ಪರವಾಗಿ ಮಾತ್ರ ಒಮ್ಮೆಯೂ ಆಡಲಿಲ್ಲ. ಬಳಿಕ ಗಾಳಿ ತಿರುಗಿತು. ಬ್ರಾಡ್‌ಫರ್ಡಿನ ಸ್ಯಾಮ್ ಬರ್ಜೆಸ್ 2010ರಲ್ಲಿ ಸೌತ್ ಸಿಡ್ನಿಗೆ ಹೋದನು. 2014ರ ಕೊನೆಯ ಪಂದ್ಯದಲ್ಲಿ ಕೆನ್ನೆಯ ಮೂಳೆ ಮುರಿದರೂ ಆಡಿ ಗೆಲ್ಲಿಸಿದನು. ನಷ್ಟವಾಯಿತೆಂದು ಹಲುಬುವ ಆಸ್ಟ್ರೇಲಿಯಾವು ಇಂಗ್ಲೆಂಡಿನಿಂದ ಪಡೆದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ.

ಇಷ್ಟರಲ್ಲಿ ಹಳೆಯ ರಗ್ಬಿಯೂ ಮಡಿಯನ್ನು ಬಿಟ್ಟಿತ್ತು. ಆರು ಷಿಲಿಂಗಿಗೆ ಮೂಗು ಮುರಿದವರು ಸರಿಯಾಗಿ ನೂರು ವರ್ಷಗಳ ತರುವಾಯ, 1995ರ ಆಗಸ್ಟಿನಲ್ಲಿ, ಸಂಬಳವನ್ನು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಥೈಲಿಯನ್ನೇ ಬಿಚ್ಚಿದರು. 2008ರ ಜುಲೈಯಲ್ಲಿ, ಇಪ್ಪತ್ಮೂರು ತುಂಬದ ಸೋನಿ ಬಿಲ್ ವಿಲಿಯಮ್ಸ್, ಕರಾರಿನಲ್ಲಿ ಇನ್ನೂ ನಾಲ್ಕು ವರ್ಷಕ್ಕೆ ಮೇಲ್ಪಟ್ಟು ಉಳಿದಿರುವಾಗಲೇ, ಸಂಗಡಿಗರಿಗೂ ಹೇಳದೆ ವಿಮಾನವನ್ನೇರಿ ಫ್ರಾನ್ಸಿನ ಟೂಲೋನ್ ಕ್ಲಬ್ಬನ್ನು ಸೇರಿಬಿಟ್ಟನು. ಬಿಟ್ಟು ಬಂದದ್ದು ಆ ಕ್ಯಾಂಟರ್ಬರಿಯನ್ನೇ. ಕ್ಲಬ್ಬು ನ್ಯಾಯಸ್ಥಾನಕ್ಕೆ ಹೋಯಿತು. ಕೊನೆಗೆ ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು. 2013ರಲ್ಲಿ ಅವನೇ ಸಿಡ್ನಿಗೆ ಮರಳಿ, ಬೇರೊಂದು ಕ್ಲಬ್ಬಿಗೆ ಪ್ರಶಸ್ತಿಯನ್ನು ಗೆದ್ದುಕೊಟ್ಟಾಗ ಜನರು ಚಪ್ಪಾಳೆ ತಟ್ಟಿದರು.

ಟಟ್ಟಿಯನ್ನೂ ವಿಲಿಯಮ್ಸನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಒಬ್ಬನು ಕೊಟ್ಟ ಮಾತನ್ನು ತೀರಿಸಿಯೂ ಬಂದಿಯಾಗಿದ್ದನು; ಇನ್ನೊಬ್ಬನು ತೀರಿಸದೆಯೇ ಹೊರಟನು. ಓಡಿಹೋದವನ ಮೇಲಿನ ಸಿಟ್ಟನ್ನು ಮಾತು ತೀರಿಸಿ ಹೋಗುವವನ ಮೇಲೆ ಹೊರಿಸುವುದು ಯಾವ ಸ್ಮೃತಿಯಲ್ಲಿಯೂ ಇಲ್ಲ. ಮೇಲಾಗಿ, ಕ್ಲಬ್ಬಿನವರು ಹೆಚ್ಚು ಕೊಟ್ಟು ಉಳಿಸಿಕೊಳ್ಳಬೇಕೆಂದರೂ ಮಿತಿಯು ಅವರ ಕೈಯನ್ನು ಹಿಡಿಯುವುದು. ಕೊಡಲೂ ಬಿಡದೆ, ಹೋಗಲೂ ಬಿಡದೆ ಇದ್ದರೆ ಆಟಗಾರನು ಮಾಡುವುದೇನು?

ಹೀಗಿರಲಾಗಿ 2025ರ ಅಕ್ಟೋಬರಿನಲ್ಲಿ, ಆರ್ 360 ಎಂಬ ಹೊಸ ರಗ್ಬಿ ಸ್ಪರ್ಧೆಯವರು ದೊಡ್ಡ ಹಣವನ್ನು ತೋರಿ ಕರೆಯುತ್ತಿರುವಾಗ, ಆಸ್ಟ್ರೇಲಿಯಾದ ರಗ್ಬಿ ಲೀಗಿನ ಆಡಳಿತ ಮಂಡಲಿಯು ಒಂದು ಘೋಷಣೆಯನ್ನು ಹೊರಡಿಸಿತು: ಮಾನ್ಯತೆಯಿಲ್ಲದ ಸ್ಪರ್ಧೆಗೆ ಸೇರುವ ಆಟಗಾರನಿಗೆ ಹತ್ತು ವರ್ಷಗಳ ಬಹಿಷ್ಕಾರ. ಆ ಒರಟು ಆಟದಲ್ಲಿ ಒಬ್ಬನ ಮೈ ಹತ್ತು ವರ್ಷ ತಾಳುವುದೇ ಹೆಚ್ಚು. ಹೆಸರು ಬರೆದಿಡುವ ಹಳೆಯ ಪಟ್ಟಿಯು ಈಗಿಲ್ಲ. 1971ರ ತೀರ್ಪು ಮಾತ್ರ ಇನ್ನೂ ರದ್ದಾಗಿಲ್ಲ.